ರಾಜಧಾನಿ ಹೋದ ಮೇಲೆ ಬಂದ ಸ್ಮಶಾನ

ಅಜ್ಜಿಯ ತಮ್ಮ ತೀರಿಕೊಂಡ ವರ್ಷ ನನಗೆ ಹತ್ತು ತುಂಬಿತ್ತು. ಅಸ್ಥಿ ಬಿಡಲು ಗಂಡಸರು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೊರಟಾಗ, ಹೆಂಗಸರು ಬರುವ ರೂಢಿ ನಮ್ಮಲ್ಲಿಲ್ಲ ಎಂದು ಎಷ್ಟು ಹೇಳಿದರೂ ಕೇಳದೆ ಅಜ್ಜಿಯೂ ಹೊರಟರು, ಅವರ ಸೆರಗು ಹಿಡಿದು ನಾನೂ ಹೊರಟೆ. ಪೂರ್ವಕ್ಕೆ ಹರಿಯುವ ಕಾವೇರಿ ಅಲ್ಲಿ ಒಂದಿಷ್ಟು ದೂರ ಪಶ್ಚಿಮಕ್ಕೆ ಮುಖ ಮಾಡುತ್ತಾಳೆ. ಆ ತಿರುವಿನಲ್ಲಿ ಬಿಟ್ಟ ಅಸ್ಥಿಗೆ ಕಾಶಿಯಲ್ಲಿ ಬಿಟ್ಟಷ್ಟೇ ಪುಣ್ಯವೆಂಬುದು ನಮ್ಮ ಮಂಡ್ಯ ಸೀಮೆಯ ನಂಬಿಕೆ. 1948ರ ಫೆಬ್ರುವರಿ 12ರಂದು ಮಹಾತ್ಮ ಗಾಂಧಿಯವರ ಚಿತಾಭಸ್ಮದ ಒಂದು ಪಾಲು ಸೇರಿದ್ದೂ ಅದೇ ನೀರಿಗೆ. ಕಾರ್ಯ ಮುಗಿಯಿತು, ತಿಂಡಿಯೂ ಆಯಿತು, ಊರಿನ ಬಸ್ಸಿಗೆ ಮಾತ್ರ ಇನ್ನೂ ಎರಡು ಗಂಟೆ ಇತ್ತು. ಬಿಸಿಲು ತಪ್ಪಿಸಿಕೊಳ್ಳಲು ಚಿಕ್ಕಪ್ಪ ನಮ್ಮನ್ನು ಹೊಳೆಯ ದಂಡೆಯ ಮರಗಳ ಕಡೆಗೆ ಕರೆದುಕೊಂಡು ಹೋದರು. ಹಾಗೆ ಹೋದ ದಾರಿ ನಮ್ಮನ್ನು ನಿಲ್ಲಿಸಿದ್ದು ನಮ್ಮ ಮನೆಯವರು ‘ದೊರೆಗಳ ಗೋರಿ’ ಎಂದು ಕರೆಯುತ್ತಿದ್ದ ಜಾಗದಲ್ಲಿ.

ಆಗ ಅಲ್ಲಿ ಮುಳ್ಳುಗಿಡ ಆಳೆತ್ತರ ಬೆಳೆದಿತ್ತು. ನಡುನಡುವೆ ಚೂಪುತಲೆಯ ಕಂಬಗಳು, ಪೆಟ್ಟಿಗೆಯಾಕಾರದ ಕಟ್ಟೆಗಳು, ಗಾರೆ ಕಿತ್ತು ಇಟ್ಟಿಗೆ ಕಾಣುತ್ತಿದ್ದ ಗೋಪುರಗಳು. ದೊಡ್ಡ ಗೋರಿಗಳ ಎಡೆಯಲ್ಲಿ ನನ್ನ ಮೊಣಕಾಲಿನ ಎತ್ತರದ ಒಂದು ಪುಟ್ಟ ಗೋರಿ ಇತ್ತು. ಅಜ್ಜಿ ಅದರ ಮುಂದೆ ನಿಂತು, ಅದರಲ್ಲಿ ಏನು ಬರೆದಿದೆ ಎಂದು ಚಿಕ್ಕಪ್ಪನನ್ನು ಕೇಳಿದರು. ಪಿಯುಸಿ ಓದುತ್ತಿದ್ದ ಚಿಕ್ಕಪ್ಪ ತಡವರಿಸುತ್ತ ಓದಿ, ಇದು ಒಂದು ಮಗು, ಹೆಸರು ಅಳಿಸಿಹೋಗಿದೆ, ವಯಸ್ಸು ಮಾತ್ರ ತಿಂಗಳು ದಿನಗಳ ಲೆಕ್ಕದಲ್ಲಿದೆ ಎಂದರು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ‘ಇವ್ರ್ ಕೂಸ್ಗೂವೆ ಚಳಿಜ್ವರ ಬಂದಿತ್ತೇನ್ಲಾ?’ ಎಂದು ಕೇಳಿದರು. ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಎಲೆಯ ದೊನ್ನೆಯಲ್ಲಿ ಉಳಿದಿದ್ದ ಎರಡು ಕಣಗಿಲೆ ಹೂವನ್ನು ಅವರು ಆ ಕಟ್ಟೆಯ ಮೇಲಿಟ್ಟು ಬಂದರು.

ಆ ಪ್ರಶ್ನೆಯನ್ನು ನಾನು ನಾಲ್ಕು ದಶಕಗಳಿಂದ ಹೊತ್ತು ತಿರುಗುತ್ತಿದ್ದೇನೆ. ಶ್ರೀರಂಗಪಟ್ಟಣದ ಇತಿಹಾಸವೆಂದು ನಾವು ಓದುವುದೆಲ್ಲ 1799ರ ಮೇ 4ರ ಮಧ್ಯಾಹ್ನ, ಟಿಪ್ಪು ಮಡಿದಲ್ಲಿಗೆ ಮುಗಿದುಬಿಡುತ್ತದೆ. ಈ ಸ್ಮಶಾನದ ಇತಿಹಾಸ ಅದರ ಆಚೆಗೆ ಶುರುವಾಗುವಂಥದ್ದು, ಮತ್ತು ಅದನ್ನು ಬರೆದದ್ದು ಕತ್ತಿಗಿಂತ ಹೆಚ್ಚಾಗಿ ಜ್ವರ.

ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಸುಮಾರು 300 ಮೀಟರ್ ಒಳಗೆ, ಕಾವೇರಿಯ ದಂಡೆಯಲ್ಲಿರುವ ಈ ಜಾಗಕ್ಕೆ ಗ್ಯಾರಿಸನ್ ಸ್ಮಶಾನ ಎಂದು ಹೆಸರು. ಸುಮಾರು 300 ಗೋರಿಗಳಿವೆ. ಟಿಪ್ಪುವಿನ ಕೋಟೆಗೆ ಲಗ್ಗೆ ಹಾಕುವಾಗ ಮಡಿದ ಯುರೋಪಿಯನ್ ಅಧಿಕಾರಿಗಳ ಗೋರಿಗಳು ಇವು ಎಂದು ಪ್ರವಾಸಿಗರಿಗೆ ಹೇಳುವುದು ವಾಡಿಕೆ. ಕಲ್ಲುಗಳ ಮೇಲಿನ ಇಸವಿಗಳನ್ನು ನಿಧಾನವಾಗಿ ಓದಿದರೆ ಆ ಮಾತು ನಿಲ್ಲುವುದಿಲ್ಲ. ಸ್ಮಶಾನ ಏರ್ಪಟ್ಟದ್ದೇ 1800ರ ಸುಮಾರಿಗೆ, ಅಂದರೆ ಯುದ್ಧ ಮುಗಿದು, ಗೆದ್ದ ಸೈನ್ಯ ದ್ವೀಪದಲ್ಲಿ ಠಾಣ್ಯ ಹೂಡಿದ ಮೇಲೆ. ಓದಲು ಸಿಗುವ ಬಹುಪಾಲು ಇಸವಿಗಳು 19ನೇ ಶತಮಾನದವು, ಓದಲು ಸಿಗುವ ಹೆಸರುಗಳಲ್ಲಿ ಹೆಂಗಸರು ಮಕ್ಕಳು ಧಾರಾಳವಾಗಿದ್ದಾರೆ. ಲಗ್ಗೆಯ ದಿನ ಬಿದ್ದವರ ನೆನಪಿಗೆ ಕೋಟೆಯ ಪಶ್ಚಿಮ ತುದಿಯಲ್ಲಿ ಬೇರೆಯೇ ಸ್ತಂಭವಿದೆ. ಅದನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿತು.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ದಿನದಿಂದ 1799ರವರೆಗೆ, ಸುಮಾರು 190 ವರ್ಷ, ಇದು ಮೈಸೂರು ರಾಜ್ಯದ ರಾಜಧಾನಿ. ಟಿಪ್ಪು ಮಡಿದ ಎರಡು ತಿಂಗಳೊಳಗೆ, ಜೂನ್ 30ರಂದು, ಇನ್ನೂ ಐದು ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕವಾದದ್ದು ಮೈಸೂರಿನಲ್ಲಿ. ದ್ವೀಪವನ್ನು ಕಂಪನಿ ಸರ್ಕಾರ ತನ್ನ ಬಳಿಯೇ ಇಟ್ಟುಕೊಂಡಿತು. ದರ್ಬಾರು ಹೋಯಿತು, ದರ್ಬಾರಿನ ಬೆನ್ನಿಗೆ ಸಾಹುಕಾರರು, ನೇಕಾರರು, ಸರಾಫರು ಹೋದರು. ಮರುವರ್ಷವೇ ಇಲ್ಲಿಗೆ ಬಂದ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಕೋಟೆಯೊಳಗೆ 4,163 ಮನೆಗಳಿದ್ದುವೆಂದೂ, ಕೋಟೆ ಮತ್ತು ಹೊರಪೇಟೆ ಸೇರಿ ಜನಸಂಖ್ಯೆ ಸುಮಾರು 32,000 ಎಂದೂ ಬರೆದಿದ್ದಾನೆ. ಟಿಪ್ಪುವಿನ ಕಾಲದಲ್ಲಿ ಅದು 1,50,000 ಇದ್ದಿರಬೇಕೆಂಬುದು ಅವನದೇ ಅಂದಾಜು. ಒಂದೇ ವರ್ಷದಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಇಲ್ಲದಾದ ಊರನ್ನು ಮನಸ್ಸಿಗೆ ತಂದುಕೊಳ್ಳುವುದು ನನಗೆ ಇಂದಿಗೂ ಕಷ್ಟ. ಟಿಪ್ಪುವಿನ ಲಾಲ್ ಮಹಲ್ ಅರಮನೆಯನ್ನು ಕೆಡವಿ, ಅದರ ತೊಲೆಗಳನ್ನು ಮುಂದೆ ಆನೆಗಳ ಮೇಲೆ ನೀಲಗಿರಿಗೆ ಸಾಗಿಸಿ ಊಟಿಯ ಸಂತ ಸ್ಟೀಫನ್ನರ ಚರ್ಚಿಗೆ ಬಳಸಿದರು. ಹೀಗೆ ರಾಜಧಾನಿಯಲ್ಲಿ ಎಲ್ಲವೂ ಹೊರಗೆ ಹೋಗುತ್ತಿದ್ದ ಕಾಲದಲ್ಲಿ, ದಿನದಿನವೂ ಬೆಳೆಯುತ್ತಿದ್ದದ್ದು ಈ ಸ್ಮಶಾನವೊಂದೇ.

ಜ್ವರ ಎಲ್ಲಿಂದ ಬಂತು ಎಂಬುದಕ್ಕೆ ದ್ವೀಪವನ್ನು ಒಂದು ಸುತ್ತು ಹಾಕಿದರೆ ಸಾಕು. ಎರಡು ಕವಲಾಗಿ ಒಡೆದ ಹೊಳೆ, ಕೋಟೆಯ ಸುತ್ತ ಕಂದಕ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಯ ಮೇಲೆಯೇ ದಾಟಿಸಿ ತಂದ ಬಂಗಾರದೊಡ್ಡಿ ನಾಲೆ, ಅದು ಉಣಿಸುವ ಗದ್ದೆ ಮತ್ತು ತೋಟ. ಇದೆಲ್ಲ ನೋಡಿಕೊಳ್ಳುವ ಕೈಗಳಿದ್ದಷ್ಟು ಕಾಲ ಐಶ್ವರ್ಯ. ಮುತ್ತಿಗೆ, ಕೊಳ್ಳೆ, ಗುಳೆಯ ನಂತರ ಕಂದಕದ ನೀರು ಕದಲದೆ ನಿಂತಿತು, ಬಿದ್ದ ಮನೆಗಳ ಹೊಂಡಗಳಲ್ಲಿ ಮಳೆನೀರು ತುಂಬಿತು. ನಿಂತ ನೀರಿನ ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದು ಅಂದಿನ ವೈದ್ಯರು ನಂಬಿದ್ದರು. ಮಲೇರಿಯಾ ಎಂಬ ಇಟಾಲಿಯನ್ ಪದದ ಅರ್ಥವೇ ಕೆಟ್ಟ ಗಾಳಿ. ಅದನ್ನು ಹರಡುವುದು ಅನಾಫಿಲಿಸ್ ಸೊಳ್ಳೆ ಎಂಬುದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ 1897ರಲ್ಲಿ ಸೊಳ್ಳೆಯ ಹೊಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವವರೆಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಈ ಗೋರಿಗಳ ಗಾರೆಯೂ ಬಿರುಕು ಬಿಟ್ಟಿತ್ತು.

ಕೊನೆಗೆ ಕಂಪನಿಯ ಸೈನ್ಯ ಜ್ವರಕ್ಕೆ ಸೋತು ಜಾಗ ಬಿಟ್ಟಿತು. 1809ರಲ್ಲಿ ದಂಡನ್ನು ಬೆಂಗಳೂರಿಗೆ ಸ್ಥಳಾಂತರಿಸಿದರು. ಹಲಸೂರಿನ ಪಕ್ಕ ಬೆಳೆದ ದಂಡುಪ್ರದೇಶದ ಮೂಲದಲ್ಲಿ ಶ್ರೀರಂಗಪಟ್ಟಣದ ಸೊಳ್ಳೆಯೂ ಇದೆ ಎಂದು ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ. ಬೆಂಗಳೂರಿಗೂ ಈ ದ್ವೀಪಕ್ಕೂ ಇನ್ನೊಂದು ನಂಟಿದೆ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿ ಒಪ್ಪಿಸುವಾಗ ಬ್ರಿಟಿಷರು ಬೆಂಗಳೂರಿನ ದಂಡುಪ್ರದೇಶವನ್ನು ತಮ್ಮ ಆಡಳಿತಕ್ಕೆ ಉಳಿಸಿಕೊಂಡು, ಬದಲಿಗೆ ಶ್ರೀರಂಗಪಟ್ಟಣದ ದ್ವೀಪವನ್ನು ಮೈಸೂರಿಗೆ ಬಿಟ್ಟುಕೊಟ್ಟರು. ಗದ್ದೆ, ಗುಡಿ, ಗುಂಬಜ್, ಮುರಿದ ಕೋಟೆಯ ಜೊತೆಗೆ ಈ ಗೋರಿಗಳೂ ಆ ದಿನ ನಮ್ಮವಾದವು.

ಇಲ್ಲಿ ಮಲಗಿರುವವರೆಲ್ಲ ಇಂಗ್ಲಿಷರೂ ಅಲ್ಲ. 80ರಷ್ಟು ಗೋರಿಗಳು ಡಿ ಮೆರಾನ್ ಎಂಬ ಸ್ವಿಸ್ ಪಡೆಗೆ ಸೇರಿದವು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಸೀಮೆಯ ಕೌಂಟ್ ಚಾರ್ಲ್ಸ್ ದಾನಿಯೇಲ್ ಡಿ ಮೆರಾನ್ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ ಬಾಡಿಗೆಯ ಪಡೆ ಅದು. ಮೊದಲು ಆಫ್ರಿಕಾದ ತುದಿಯ ಕೇಪ್‌ನಲ್ಲಿ, ಆಮೇಲೆ ಸಿಲೋನಿನಲ್ಲಿ ಡಚ್ಚರ ಕಾವಲಿಗಿತ್ತು. 1795ರಲ್ಲಿ ಕೌಂಟ್ ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡ. ಡಚ್ಚರ ಸಂಬಳದಲ್ಲಿದ್ದ ಸೈನಿಕರು ಬ್ರಿಟಿಷರ ಸಂಬಳಕ್ಕೆ ಬಂದರು. ಅದೇ ಒಪ್ಪಂದದ ದಾರಿಯಲ್ಲಿ ನಾಲ್ಕು ವರ್ಷದ ಬಳಿಕ ಕಾವೇರಿಯನ್ನು ದಾಟಿ ಕೋಟೆಯ ಬಿರುಕಿಗೆ ಏಣಿ ಹಚ್ಚಿದವರಲ್ಲಿ ಅವರೂ ಇದ್ದರು. 1806ರಲ್ಲಿ ಪಡೆ ಹಿಂದೂಸ್ತಾನ ಬಿಟ್ಟು ಹೋಯಿತು, 1813ರಲ್ಲಿ ಕೆನಡಾದ ಹಿಮದಲ್ಲಿ ಅಮೆರಿಕನ್ನರ ಎದುರು ನಿಂತಿತು, 1816ರಲ್ಲಿ ವಿಸರ್ಜನೆಯಾಯಿತು. ಹೋದವರು ಹೋದರು. ಹಿಮಪರ್ವತದ ತಪ್ಪಲಲ್ಲಿ ಹುಟ್ಟಿ, ಇನ್ನಾರದೋ ಜಗಳಕ್ಕೆ ಕೂಲಿಗೆ ಬಂದು, ಭತ್ತದ ಗದ್ದೆಯ ಮಗ್ಗುಲಲ್ಲಿ ಉಳಿದುಹೋದವರು ಇಲ್ಲಿದ್ದಾರೆ. ಅವರ ಗೋರಿಗಳ ಮುಂದೆ ನಿಂತಾಗ ನನಗೆ ದ್ವೇಷ ಬರುವುದಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟವರನ್ನು ನಮ್ಮ ಜಿಲ್ಲೆಯಲ್ಲೂ ಬೇಕಾದಷ್ಟು ಕಂಡಿದ್ದೇನೆ.

ಈ ಸ್ಮಶಾನದ ಮಾತು ಬಂದಾಗಲೆಲ್ಲ ಜನ ಹೇಳುವುದು ಸ್ಕಾಟ್ ಬಂಗಲೆಯ ಕಥೆಯನ್ನು. ತೋಪುಗಾಡಿಗಳ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದ ಕರ್ನಲ್ ಸ್ಕಾಟ್ ಒಂದು ಸಂಜೆ ಊರಿನಿಂದ ಮರಳಿ ಬಂದಾಗ ಹೆಂಡತಿ ಮಕ್ಕಳು ಕಾಲರಾದಿಂದ ಸತ್ತು ಬಿದ್ದಿದ್ದರು, ಅವನು ಎದುರಿನ ಹೊಳೆಗೆ ಇಳಿದವನು ಮತ್ತೆ ಮೇಲೆ ಬರಲಿಲ್ಲ, ಮೇಜು ಮಂಚಗಳು ಇದ್ದಂತೆಯೇ ಉಳಿದವು ಎಂದು ಕಥೆ. ಕಥೆ ಕೇಳಿ ನಾನೂ ಚಿಕ್ಕಂದಿನಲ್ಲಿ ಆ ಬಂಗಲೆಯ ಹತ್ತಿರ ಹೋಗಲು ಅಂಜುತ್ತಿದ್ದೆ. ದಾಖಲೆ ಹೇಳುವುದು ಬೇರೆ. ಅವನ ಹೆಂಡತಿ ಕರೋಲಿನ್ ಇಸಬೆಲ್ಲಾ ಸ್ಕಾಟ್ 1817ರ ಏಪ್ರಿಲ್‌ನಲ್ಲಿ ಹೆರಿಗೆಯಲ್ಲಿ ತೀರಿಕೊಂಡು ಇದೇ ಸ್ಮಶಾನದಲ್ಲಿ ಮಲಗಿದ್ದಾರೆ. ಹಿಂದೂಸ್ತಾನವನ್ನೆಲ್ಲ ನಡುಗಿಸಿದ ಕಾಲರಾದ ಮೊದಲ ಮಹಾಮಾರಿ ಬಂಗಾಳದ ಜೆಸ್ಸೋರಿನಲ್ಲಿ ಕಾಣಿಸಿಕೊಂಡದ್ದು ಅದೇ ವರ್ಷದ ಆಗಸ್ಟಿನಲ್ಲಿ, ಅಂದರೆ ಆಕೆ ಮಣ್ಣು ಸೇರಿ ನಾಲ್ಕು ತಿಂಗಳಾದ ಮೇಲೆ. ಕಥೆಯನ್ನು ಕಟ್ಟಿದವರಿಗೆ ಹೆರಿಗೆಯ ಸಾವು ಸಾಲದಾಯಿತೆಂದು ತೋರುತ್ತದೆ. ನನಗೆ ಮಾತ್ರ ಅದೇ ದೊಡ್ಡದು. ಅಂದು ಬಂಗಲೆಯಲ್ಲಿ ಹೆರುವ ಹೆಂಗಸಿಗೂ ಗಂಜಾಂನ ಗುಡಿಸಿಲಿನಲ್ಲಿ ಹೆರುವ ಹೆಂಗಸಿಗೂ ಇದ್ದ ಅಪಾಯ ಒಂದೇ ಆಗಿತ್ತು. ಮಕ್ಕಳನ್ನು ಉಳಿಸಿಕೊಳ್ಳುವ ದಾರಿ ಆಗಿನ್ನೂ ಕಣ್ಣು ಬಿಡುತ್ತಿತ್ತು. ಜನ ‘ದೊಡ್ಡಸ್ವಾಮಿ’ ಎಂದು ಕರೆಯುತ್ತಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ 1803–04ರಲ್ಲಿ ಈ ಸೀಮೆಯಲ್ಲಿ 25,000ಕ್ಕೂ ಮಿಕ್ಕ ಜನರಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಿದ್ದರು. ಹೆರಿಗೆಯ ನಂಜಿಗೆ, ಚಳಿಜ್ವರಕ್ಕೆ ಅಂಥ ಯಾವ ರಕ್ಷೆಯೂ ಇರಲಿಲ್ಲ.

ಅಜ್ಜಿಯ ಪ್ರಶ್ನೆಯ ಬೇರು ಎಲ್ಲಿತ್ತೆಂದು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಕನ್ನಂಬಾಡಿ ಕಟ್ಟೆ ಎದ್ದು, 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದಾಗ, ಈಗ ನಾವು ವಿಶ್ವೇಶ್ವರಯ್ಯ ನಾಲೆ ಎನ್ನುವ ಆ ನೀರಿನ ಜೊತೆಯಲ್ಲೇ ಮಲೇರಿಯಾ ಕೂಡ ಬಂತು. ರಾಗಿಯ ಹೊಲ ಕಬ್ಬು ಭತ್ತದ ಗದ್ದೆಯಾಯಿತು, ಕಾಲುವೆಯ ಬದುಗಳಲ್ಲಿ ನೀರು ಸೋರಿ ನಿಂತಿತು. ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಪಡೆದು ಮಂಡ್ಯ ಸೀಮೆಯಲ್ಲಿ ಮಲೇರಿಯಾ ಅಧ್ಯಯನ ನಡೆಸಬೇಕಾಯಿತು. ಅದೇ ವರ್ಷಗಳಲ್ಲಿ ಅಜ್ಜಿಯ ಚೊಚ್ಚಲ ಮಗು, ನನ್ನಪ್ಪನಿಗಿಂತ ಮೊದಲು ಹುಟ್ಟಿದ ಹೆಣ್ಣುಕೂಸು, ಚಳಿಜ್ವರಕ್ಕೆ ಹೋಗಿತ್ತು. ನಮ್ಮಲ್ಲಿ ದೊಡ್ಡವರನ್ನು ಸುಡುತ್ತಾರೆ, ಹಾಲುಗಲ್ಲದ ಕೂಸನ್ನು ಹೂಳುತ್ತಾರೆ. ಹೂತ ಜಾಗಕ್ಕೆ ಕಲ್ಲು ನಿಲ್ಲಿಸುವುದಿಲ್ಲ. ಆ ಬದುವಿನ ಮೇಲೆ ಎರಡು ಬೆಳೆ ಕಳೆಯುವಷ್ಟರಲ್ಲಿ ಜಾಗದ ಗುರುತೇ ಹೋಯಿತಂತೆ. ಮಗುವಿನ ವಯಸ್ಸನ್ನು ತಿಂಗಳು ದಿನಗಳ ಲೆಕ್ಕದಲ್ಲಿ ಕಲ್ಲಿನಲ್ಲಿ ಕೆತ್ತಿಸಿದ ತಾಯಿತಂದೆಯನ್ನು ಅಜ್ಜಿ ಆ ದಿನ ಮೊದಲ ಸಲ ಕಂಡಿದ್ದರು.

ಹಾಗೆಂದು ಕಲ್ಲಿನಲ್ಲಿ ಸತ್ತವರನ್ನು ನೆನೆಯುವುದು ಪರದೇಶದವರು ನಮಗೆ ಕಲಿಸಿದ್ದಲ್ಲ. ವೀರಗಲ್ಲು, ಮಾಸ್ತಿಗಲ್ಲು ಇಲ್ಲದ ಊರನ್ನು ಮಂಡ್ಯ ಜಿಲ್ಲೆಯಲ್ಲಿ ಹುಡುಕಬೇಕು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ತಕ್ಕೋಲದ ಕಾಳಗದ ಕಾಲದ್ದು, 10ನೇ ಶತಮಾನದ ನಡುಭಾಗದ್ದು, ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಂತದ್ದು: ಗಂಗರ ಬೂತುಗನಿಂದ ಮಣಲೆರ ಬೇಡಿ ಪಡೆದ ಆ ನಾಯಿ ಹಂದಿಯೊಡನೆ ಹೋರಾಡಿ ಎರಡೂ ಸತ್ತಾಗ, ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿಯ ಹೆಸರನ್ನೂ ಸಾವಿರ ವರ್ಷ ಕಾಪಾಡಿದ ನಾಡು ಇದು. ಅದೇ ನಾಡಿನಲ್ಲಿ, 1799ರ ಮೇ 4ರಂದು ಕೋಟೆಯನ್ನು ಕಾಯುತ್ತ ಮಡಿದ ಸಾವಿರಾರು ಮೈಸೂರು ಸೈನಿಕರಿಗೆ ಹೆಸರು ಹಿಡಿದು ಓದುವ ಒಂದು ಕಲ್ಲೂ ಇಲ್ಲ. ಟಿಪ್ಪುವನ್ನು ಮರುದಿನ ಸಂಜೆ ತಂದೆತಾಯಿಯ ಪಕ್ಕದಲ್ಲಿ, ಹೈದರನಿಗಾಗಿ ತಾನೇ ಕಟ್ಟಿಸಿದ್ದ ಗುಂಬಜಿನಲ್ಲಿ ಮಣ್ಣು ಮಾಡಿದರು; ಗುಡುಗು ಸಿಡಿಲಿನ ಮಳೆ ಸುರಿಯಿತೆಂದು ನೋಡಿದವರು ಬರೆದಿದ್ದಾರೆ. ಹೈದರನ ಸೆರೆಯಲ್ಲಿ 1782ರಲ್ಲಿ ಸತ್ತ ಕರ್ನಲ್ ಬೇಯ್ಲಿಗೂ ಗುಂಬಜಿನ ಪಕ್ಕದಲ್ಲೇ ಅವನ ಸೋದರನ ಮಗ 1816ರಲ್ಲಿ ಸ್ಮಾರಕ ಕಟ್ಟಿಸಿದ್ದಾನೆ. ಅರಸನಿಗೆ ಗುಂಬಜ್ ಇದೆ, ಸೆರೆಯಾಳಿಗೆ ಸ್ಮಾರಕವಿದೆ, ಗೆದ್ದವರ ಎಳೆಗೂಸಿಗೂ ಕಟ್ಟೆಯಿದೆ. ಕಾವಲು ಗೋಡೆಯ ಮೇಲೆ ಸತ್ತ ನಮ್ಮವನು ಹೊಳೆಗೋ ಹೊಂಡಕ್ಕೋ ಸೇರಿದ. ಈ ಅನ್ಯಾಯ ನನ್ನನ್ನು ಬಾಧಿಸುತ್ತದೆ. ಅದಕ್ಕೆ ಪರಿಹಾರ ಇರುವ ಗೋರಿಗಳನ್ನು ಹಾಳುಗೆಡವುವುದಲ್ಲ ಎಂದೂ ಅಷ್ಟೇ ಖಚಿತವಾಗಿ ನಂಬಿದ್ದೇನೆ.

ನನ್ನ ಬಾಲ್ಯದ ಮುಳ್ಳುಪೊದೆ ಈಗಿಲ್ಲ. ಡಿ ಮೆರಾನ್ ವಂಶಸ್ಥರು ದೂರದಿಂದ ಬಂದು ಆಸ್ಥೆ ವಹಿಸಿದ್ದರಿಂದ 2008ರ ಹೊತ್ತಿಗೆ ಸ್ಮಶಾನದ ಜೀರ್ಣೋದ್ಧಾರವಾಯಿತು. ಆದರೆ ಇಟ್ಟಿಗೆ ಗಾರೆಯ ಕಟ್ಟಡವನ್ನು ಒಂದು ಸಲ ರಿಪೇರಿ ಮಾಡಿ ಬಿಡುವಂತಿಲ್ಲ. ಇದನ್ನು ನಾನು ಕಲಿತದ್ದು ನಮ್ಮ ಮನೆಯ ಹಿತ್ತಿಲ ಗೋಡೆಯಿಂದ. ಸುಣ್ಣದ ಗಾರೆ ನೀರನ್ನು ಹೀರುತ್ತದೆ, ಬಿಸಿಲಿಗೆ ಮತ್ತೆ ಬಿಡುತ್ತದೆ. ಅದರ ಬಾಳಿಕೆಯ ಗುಟ್ಟೇ ಅದು. ಬಿರುಕು ಬಿಟ್ಟಿತೆಂದು ನಾವು ಅದಕ್ಕೆ ಸಿಮೆಂಟು ಮೆತ್ತಿಸಿದೆವು. ಒಳಗೆ ಹೋದ ನೀರಿಗೆ ಹೊರಬರಲು ದಾರಿಯಿಲ್ಲದೆ, ಎರಡು ಮಳೆಗಾಲದಲ್ಲಿ ಸಿಮೆಂಟಿನ ಚಕ್ಕೆ ಹಿಂದಿನ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬಿತ್ತು. ಹಳೆಯ ಗೋರಿಗಳಿಗೆ ಇನ್ನೊಂದು ಶತ್ರು ಅರಳಿಯ ಸಸಿ. ಹಕ್ಕಿ ಹಾಕಿದ ಬೀಜ ಗಾರೆಯ ಸಂದಿನಲ್ಲಿ ಮೊಳೆತು ದಾರದಂಥ ಬೇರು ಬಿಡುತ್ತದೆ. ಮೇಲಿನ ಎಲೆ ಚಿವುಟಿದರೆ ಅದಕ್ಕೆ ಏನೂ ಆಗುವುದಿಲ್ಲ, ಬೇರು ದಪ್ಪವಾಗುತ್ತ ಒಂದು ದಿನ ಬರಹದ ಫಲಕವನ್ನೇ ಎತ್ತಿ ಬೀಳಿಸುತ್ತದೆ. ಫಲಕ ಬಿತ್ತೆಂದರೆ ಒಳಗಿನವರು ಎರಡನೆಯ ಸಲ ಸತ್ತಂತೆ.

ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಗಾಗಿ ಮೈಸೂರಿನ ಊರೂರಿನ ಶಾಸನಗಳನ್ನು ನಕಲು ಮಾಡಿಸಿದ್ದರಿಂದ, ಈಗ ಕಲ್ಲೇ ಇಲ್ಲದ ಎಷ್ಟೋ ಶಾಸನಗಳನ್ನು ನಾವು ಓದಬಲ್ಲೆವು. ಈ ಗೋರಿಗಳ ಬರಹಗಳೂ ಶಾಸನಗಳೇ. ಶ್ರೀರಂಗಪಟ್ಟಣದ ಶಾಲೆಯ ಮಕ್ಕಳು ಒಬ್ಬೊಬ್ಬರು ಒಂದೊಂದು ಕಲ್ಲಿನ ಹೆಸರು, ಇಸವಿ, ವಯಸ್ಸನ್ನು ನೋಟ್‌ಬುಕ್ಕಿಗೆ ಇಳಿಸಿ ಕನ್ನಡಕ್ಕೆ ತಂದರೆ ಒಂದೇ ವರ್ಷದಲ್ಲಿ ಮುಗಿಯುವ ಕೆಲಸ. ಸೀಮೆಸುಣ್ಣ ಉಜ್ಜಿಯೋ ನೀರು ಸುರಿದೋ ಓದಬಾರದು, ಕಲ್ಲು ಸವೆಯುತ್ತದೆ. ಬೆಳಗಿನ ಓರೆ ಬಿಸಿಲು ಸಾಕು.

ಕಳೆದ ಮಾಗಿಯಲ್ಲಿ ಒಂದು ಭಾನುವಾರ ನಾನು ಆ ಪುಟ್ಟ ಗೋರಿಯನ್ನು ಹುಡುಕಿಕೊಂಡು ಹೋದೆ. ಅದೇ ಎಂದು ಆಣೆ ಇಟ್ಟು ಹೇಳಲಾರೆ. ಮೊಣಕಾಲೆತ್ತರದ ಗೋರಿಗಳು ಅಲ್ಲಿ ಒಂದೆರಡಲ್ಲ. ಏಳೂವರೆಗೆ ಬಿಸಿಲು ಫಲಕಕ್ಕೆ ಅಡ್ಡಲಾಗಿ ಬಿದ್ದಾಗ, ಸಪಾಟಾಗಿ ಕಾಣುತ್ತಿದ್ದ ಕಲ್ಲಿನ ಮೇಲೆ ಅಕ್ಷರಗಳ ಅಂಚುಗಳು ನೆರಳಾಗಿ ಎದ್ದವು. ಹೆಸರಿನ ಸಾಲು ಪೂರಾ ಸವೆದಿತ್ತು. ಅದರ ಕೆಳಗೆ ಮಗಳು ಎಂಬ ಪದ, ಅದರ ಕೆಳಗೆ ಹನ್ನೊಂದು ತಿಂಗಳು, ಆಮೇಲೆ ದಿನಗಳ ಸಂಖ್ಯೆ. ಬೆರಳ ತುದಿಯಿಂದ ಮುಟ್ಟಿ ನೋಡಿದೆ, ಮೊದಲ ಅಂಕಿ ಒಂದು. ಎರಡನೆಯದು ಆರೋ ಎಂಟೋ ತಿಳಿಯಲಿಲ್ಲ. ಕಾಗದಕ್ಕೆ ಇಳಿಸುತ್ತಿರುವಾಗಲೇ ಬಿಸಿಲು ಮೇಲೇರಿ ನೆರಳು ಕರಗಿತು, ಅಕ್ಷರಗಳು ಮತ್ತೆ ಕಲ್ಲಿನೊಳಗೆ ಸರಿದವು. ಎರಡು ಕಣಗಿಲೆ ಇಟ್ಟು ಬಂದೆ. ಆ ಅಂಕಿಯನ್ನು ನೋಡಲು ಬರುವ ಭಾನುವಾರ ಇನ್ನೂ ಅರ್ಧ ಗಂಟೆ ಮುಂಚೆ ಹೋಗಬೇಕು.